ಬಿಸಿಲಿಗಿಟ್ಟ ಸೆಲ್‌ಗಳು

ನನಗೊಂದು ಅಭ್ಯಾಸವಿದೆ. ಟಾರ್ಚಿನ ಬೆಳಕು ಮಂಕಾಯಿತೆಂದರೆ ಅದರ ಸೆಲ್‌ಗಳನ್ನು ಹೊರಗೆ ತೆಗೆದು, ಸೆರಗಿನಿಂದ ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತೇನೆ. ಸಂಜೆಯ ಹೊತ್ತಿಗೆ ಅವು ತುಸು ಚೇತರಿಸಿಕೊಂಡು ಇನ್ನೊಂದೆರಡು ದಿನ ದುಡಿಯುತ್ತವೆ. ನಮ್ಮ ಮನೆಯವರಿಗೆ ಇದನ್ನು ಕಂಡರೆ ಆಗುವುದಿಲ್ಲ. ಅವರು ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ನನ್ನ ಈ ಕೆಲಸ ಅವರ ವೃತ್ತಿಗೇ ಅವಮಾನವೆಂದು ಭಾವಿಸಿದ್ದಾರೆ.

"ಸೆಲ್ ಅಂದ್ರ ಸಂಡಿಗಿ ಅಂತ ತಿಳದೀಯೇನ ನೀ?" ಎಂದು ಶುರು ಮಾಡುತ್ತಾರೆ. ಮುಂದೆ ರಸಾಯನಶಾಸ್ತ್ರ ಬರುತ್ತದೆ. ನಾನು ಜೋಳದ ಹಿಟ್ಟು ನಾದುತ್ತಾ ಹೂಂಗುಡುತ್ತೇನೆ. ಆದರೆ ಈಗೀಗ ಅವರು ಆ ಪಾಠವನ್ನು ಅರ್ಧಕ್ಕೇ ನಿಲ್ಲಿಸಿ, ಏನೋ ನೆನಪಾದವರಂತೆ ಹೊರಗೆ ಹೋಗಿಬಿಡುತ್ತಾರೆ. ಅದಕ್ಕೊಂದು ಕಾರಣವಿದೆ. ಆ ಕಾರಣ ಹೇಳಬೇಕೆಂದರೆ ನಾನು ಚಿಕ್ಕವಳಿದ್ದಾಗ ಮಾಡಿದ ಒಂದು ಕಳ್ಳತನದಿಂದ ಶುರು ಮಾಡಬೇಕು.

ನನ್ನ ತವರು ಹಿರೋಳ್ಳಿ, ಆಳಂದ ತಾಲೂಕಿನ ಅಂಚಿನಲ್ಲಿದೆ. ಊರಾಚೆಯ ಹೊಲಗಳನ್ನು ದಾಟಿ ಹೋದರೆ ಮರಾಠಿ ಸೀಮೆ. ನಮ್ಮೂರ ಗಾಳಿಯಲ್ಲಿ ಹೀಗಾಗಿ ಎರಡು ಭಾಷೆಯ ಹಾಡುಗಳು ಬೆರೆತಿರುತ್ತಿದ್ದವು. ನಸುಕಿನಲ್ಲಿ ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದಳು. ಕಲ್ಲಿನ ಗರಗರ ಜಾಸ್ತಿಯೋ ಅಜ್ಜಿಯ ದನಿ ಜಾಸ್ತಿಯೋ ಎಂದು ನಾನು ಕೌದಿಯೊಳಗೆ ಮಲಗಿಯೇ ಪಂದ್ಯ ಕಟ್ಟುತ್ತಿದ್ದೆ. ಮುಂದೆ ಊರಿಗೆ ಹಿಟ್ಟಿನ ಗಿರಣಿ ಬಂತು. ಅಜ್ಜಿ ಗಿರಣಿಗೆ ಹೋಗಿ ಪಾಳಿಯಲ್ಲಿ ನಿಂತು ಅಲ್ಲಿಯೂ ಹಾಡಲು ನೋಡಿದಳಂತೆ. ಇಂಜಿನ್ನಿನ ಸದ್ದಿಗೆ ಒಂದು ಸಾಲೂ ಯಾರಿಗೂ ಕೇಳಲಿಲ್ಲ. "ಈ ಮಶಿನ್ನಿಗಿ ತಾಳನ ಇಲ್ಲ" ಎಂದು ಬಯ್ದು ಬಂದಳು. ಯಂತ್ರಗಳ ಸಂಗೀತಜ್ಞಾನದ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಮೊದಲ ಚರ್ಚೆ ಅದೇ ಇರಬೇಕು.

ನನ್ನ ಕಂಠದ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಶಾಲೆಯಲ್ಲಿ ಪ್ರಾರ್ಥನೆ ಹೇಳುವಾಗ ನಮ್ಮ ಮೇಡಂ ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, "ನೀ ಬರೇ ಬಾಯಿ ಆಡಸು ತಂಗಿ" ಎಂದಿದ್ದರು. ಇವತ್ತಿಗೂ ದೇವರ ಮುಂದೆ ಬಾಯಿಯನ್ನಷ್ಟೇ ಆಡಿಸುತ್ತೇನೆ. ಆದರೆ ಕೇಳುವ ಕಿವಿ ನನಗೆ ಚೆನ್ನಾಗಿಯೇ ಇತ್ತು, ಅದರಲ್ಲೂ ಸಿನಿಮಾ ಹಾಡು ಕೇಳುವ ಕಿವಿ. ಅಪ್ಪನಿಗೆ ಸಿನಿಮಾ ಹಾಡೆಂದರೆ ಆಗದು. ಅಪ್ಪ ಊರ ಭಜನಾ ಮೇಳದ ಮುಂದಾಳು. ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತು ತತ್ವಪದ ಹಾಡುವವನು. ಅವನ ಪ್ರಕಾರ ಸಿನಿಮಾ ಹಾಡು ಹಾಡೇ ಅಲ್ಲ, ಕೆಮ್ಮು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಸೋದರಮಾವ ಸೊಲ್ಲಾಪುರದಿಂದ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟ. ಊರಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಹೀಗಾಗಿ ಅದು ಸೆಲ್ಲಿನ ಮೇಲೆಯೇ ನಡೆಯಬೇಕಿತ್ತು. ಒಂದಲ್ಲ ಎರಡಲ್ಲ, ದಪ್ಪನೆಯ ಆರು ಸೆಲ್. ಜೊತೆಗೆ ಎರಡು ಕ್ಯಾಸೆಟ್. ಒಂದರಲ್ಲಿ ಸಿನಿಮಾ ಹಾಡು. ಅಪ್ಪ ಅದನ್ನು ಬೆರಳ ತುದಿಯಲ್ಲಿ ಹಿಡಿದು ಅವ್ವನ ಟ್ರಂಕಿನ ತಳಕ್ಕೆ ಸೇರಿಸಿದ. ಇನ್ನೊಂದರಲ್ಲಿ ಜೇವರ್ಗಿ ಕಡೆಯ ಒಬ್ಬ ಗವಾಯಿ ಹಾಡಿದ ತತ್ವಪದಗಳಿದ್ದವು. ಅಪ್ಪ ಆ ಗವಾಯಿಯ ಹೆಸರು ಕೇಳಿದ್ದನೇ ಹೊರತು ದನಿ ಕೇಳಿರಲಿಲ್ಲ. ಅದರಲ್ಲಿದ್ದ ಒಂದು ಪದಕ್ಕೆ ಮೊದಲ ಸಲಕ್ಕೇ ಮನಸೋತ. ದೇವರು ಒಬ್ಬ ಕುರುಬ, ಹಗಲು ಕರಿ ಎಳೆ ಇರುಳು ಬಿಳಿ ಎಳೆ ಎಂದು ಕಂಬಳಿ ನೇಯುತ್ತಾನೆ, ನಾವು ಅದರೊಳಗಿನ ಒಂದೊಂದು ಗಂಟು ಎನ್ನುವ ಪದ. ಹಗಲಿಗೆ ಕರಿ ಎಳೆ ಯಾಕೆ ಎಂದು ನಾನು ಕೇಳಿದ್ದಕ್ಕೆ ಅಪ್ಪ, "ಅದ ತಿಳದ್ರ ನಾ ಯಾಕ ಹೊಲಾ ಹೊಡೀತಿದ್ದೆ?" ಎಂದಿದ್ದ. ಮೇಳದಲ್ಲಿ ಅದಕ್ಕೆ ಕಂಬಳಿ ಪದ ಎಂದೇ ಹೆಸರಾಯಿತು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ ಅದು, ಎತ್ತಿಗೆ ಸೂಟಿ. ಎತ್ತಿಗೆ ಸೂಟಿ ಎಂದರೆ ಒಕ್ಕಲಿಗನಿಗೂ ಅರ್ಧ ಸೂಟಿ. ಇಳಿಹೊತ್ತಿಗೆ ಮೇಳದವರೆಲ್ಲ ಗುಡಿಯ ಕಟ್ಟೆಗೆ ಬಂದು ಸೇರುತ್ತಿದ್ದರು. ನಡುವೆ ಟೇಪ್ ರೆಕಾರ್ಡರ್ ಇಟ್ಟು, ಒಂದು ಸಾಲು ಕೇಳುವುದು, ನಿಲ್ಲಿಸುವುದು, ಹಾಡುವುದು. ಹೀಗೆ ಕಂಬಳಿ ಪದದ ಕಲಿಕೆ ಶುರುವಾಯಿತು.

ಇತ್ತ ನನ್ನ ಕಲಿಕೆ ಭಾನುವಾರ ನಡೆಯುತ್ತಿತ್ತು. ಅಪ್ಪ ಅವ್ವ ಇಬ್ಬರೂ ಹೊಲಕ್ಕೆ ಹೋದರೆ ಮನೆ ಕಾಯುವ ಕೆಲಸ ನನ್ನದು. ಟ್ರಂಕಿನ ತಳದಿಂದ ಸಿನಿಮಾ ಕ್ಯಾಸೆಟ್ ತೆಗೆದು, ಬಾಗಿಲು ಹಾಕಿಕೊಂಡು, ಹಚ್ಚಿ ಕೂತರೆ ದನಗಳು ಮನೆಗೆ ಬರುವ ತನಕ ಅದೇ. ಒಂದೇ ಹಾಡನ್ನು ಹತ್ತು ಸಲ, ಹದಿನೈದು ಸಲ. ಸಂಜೆಯ ಹೊತ್ತಿಗೆ ಸೆಲ್‌ಗಳ ಕಸುವೆಲ್ಲ ಬಸಿದು ಹೋಗಿ, ಹಾಡುವ ಹೆಣ್ಣಿಗೆ ಗಂಡು ದನಿ ಬರುತ್ತಿತ್ತು. ಆಗ ಹೆದರಿ ನಿಲ್ಲಿಸುತ್ತಿದ್ದೆ. ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಆರೂ ಸೆಲ್‌ಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಸಾಲಾಗಿ ಇಡುತ್ತಿದ್ದೆ, ಮಧ್ಯಾಹ್ನ ಊಟಕ್ಕೆ ಬಂದಾಗ ಒಳಗೆ ಸೇರಿಸುತ್ತಿದ್ದೆ. ಸತ್ತ ಸೆಲ್ಲು ಬಿಸಿಲಿಗೆ ಎಷ್ಟು ಏಳುತ್ತದೆ? ಅಷ್ಟೇ ಎದ್ದವು. ಜೇವರ್ಗಿ ಗವಾಯಿ ನಮ್ಮೂರ ಕಟ್ಟೆಯ ಮೇಲೆ ಮೊಳಕಾಲು ನೋವಿರುವವನಂತೆ ನಿಧಾನಕ್ಕೆ, ಆಳದ ದನಿಯಲ್ಲಿ, ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತ ಹಾಡಿದ. ಅಪ್ಪನ ಮೇಳ ಅದನ್ನು ಹಾಗೆಯೇ, ಅಷ್ಟೇ ನಿಧಾನವಾಗಿ, ಅಷ್ಟೇ ತಗ್ಗಿನಲ್ಲಿ ಕಲಿಯಿತು.

ನನಗೆ ಆಗಲೇ ಗೊತ್ತಿತ್ತು. ಮಾವ ಹೊಸದಾಗಿ ತಂದ ದಿನ ಆ ಪದ ಹೇಗೆ ಓಡುತ್ತಿತ್ತು ಎನ್ನುವುದು ನನ್ನ ಕಿವಿಯಲ್ಲಿತ್ತು. ಅಪ್ಪನಿಗೆ ಯಾಕೆ ನೆನಪಿಲ್ಲ ಎಂದು ಆಶ್ಚರ್ಯವಾಗುತ್ತಿತ್ತು. ಆದರೆ ಬಾಯಿ ಬಿಟ್ಟರೆ ಟ್ರಂಕಿನ ತಳದ ಕಥೆ ಹೊರಗೆ ಬೀಳುತ್ತದೆ. ಶಾಲೆಯಲ್ಲಿ ಕಲಿತಂತೆ ಬರೇ ಬಾಯಿ ಆಡಿಸಿ ಸುಮ್ಮನಾದೆ.

ಆ ಮೇಳದಲ್ಲಿ ಮೈಬೂಬಸಾಬ ಕಾಕಾ ಎಂಬವರಿದ್ದರು. ಅಪ್ಪನ ಗೆಣೆಕಾರ, ಡೋಲಕ್ಕಿನ ಕೈ. ಹಿಂದಿನ ವರ್ಷ ದನಗಳಿಗೆ ಕಣಕಿ ಕತ್ತರಿಸುವ ಯಂತ್ರದಲ್ಲಿ ಅವರ ಬಲಗೈಯ ಎರಡು ಬೆರಳು ಹೋಗಿದ್ದವು. ಗಾಯ ಮಾಯ್ದ ಮೇಲೂ ಸೋಮವಾರ ಬಂದು ಕಟ್ಟೆಯ ತುದಿಗೆ ಕೂತು ಕೇಳಿ ಹೋಗುತ್ತಿದ್ದರೇ ಹೊರತು ಡೋಲಕ್ ಮುಟ್ಟುತ್ತಿರಲಿಲ್ಲ. ಕಂಬಳಿ ಪದ ಕಲಿಯುವ ದಿನಗಳಲ್ಲೇ ಒಂದು ಇಳಿಹೊತ್ತು ಅವರು ಮತ್ತೆ ಡೋಲಕ್ ಎಳೆದುಕೊಂಡರು. ನಾನು ಅದನ್ನು ಕಣ್ಣಾರೆ ಕಂಡೆ. ಕಂಡರೂ ನನ್ನ ಕಳ್ಳತನದ ಚಿಂತೆಯಲ್ಲಿ ಅದಕ್ಕೆ ಅಂಥ ಬೆಲೆ ಕೊಡಲಿಲ್ಲ.

ಮುಂದೆ ಆದದ್ದೇ ಫಜೀತಿ. ಕಂಬಳಿ ಪದಕ್ಕೆ ಹೆಸರು ಬಂತು. ಆಳಂದದಲ್ಲಿ ಹಾಡಿದರು, ಅಫಜಲಪುರಕ್ಕೆ ಕರೆಸಿಕೊಂಡರು. ಹಿರೋಳ್ಳಿ ಮೇಳದ ಆ ಪದ ಕೇಳಿದರೆ ಸಿಟ್ಟು ಬಂದವರೂ ಸುಮ್ಮನಾಗುತ್ತಾರೆ ಎಂದು ಜನ ಆಡಿಕೊಂಡರು. ಸತ್ತವರನ್ನು ಕೂಡಿಸಿಕೊಂಡು ಮಣ್ಣು ಮಾಡಲು ಹೊರಡುವಾಗಲೂ ಅದೇ ಪದ ಬೇಕೆಂದು ಬಂದು ಕರೆಯತೊಡಗಿದರು. ಅಪ್ಪನ ಬೆನ್ನು ಆ ದಿನಗಳಲ್ಲಿ ಎರಡು ಬೆರಳು ಎತ್ತರವಾಗಿತ್ತು. ನನಗೆ ಮಾತ್ರ ಪ್ರತಿ ಹೊಗಳಿಕೆಯೂ ಚುಚ್ಚುತ್ತಿತ್ತು. ಒಮ್ಮೆ ಅತನೂರಿನಲ್ಲಿ ಹಾಡು ಮುಗಿದ ಮೇಲೆ ಜೇವರ್ಗಿ ಕಡೆಯವರೊಬ್ಬರು ಎದ್ದು, "ಗೌಡ್ರ, ಈ ಪದ ಹಿಂಗಿಲ್ಲಲ್ರಿ. ಇದು ಓಡೂ ಪದ ಅದ" ಎಂದರು. ನಾನು ಅವ್ವನ ಬೆನ್ನ ಹಿಂದೆ ಸರಿದೆ. ಅಪ್ಪ ಪೇಟ ಸರಿಮಾಡಿಕೊಂಡು, "ಇರಬಹುದ್ರಿ. ನಮ್ಮೂರಾಗ ಇದು ನಡಕೋತ ಹೋಗ್ತದ" ಎಂದು ನಕ್ಕು ಮುಂದಿನ ಪದ ಎತ್ತಿಕೊಂಡ. ಪಾಪ, ಮಗಳು ಮಾಡಿದ ಹಲ್ಕಾ ಕೆಲಸಕ್ಕೆ ಅಪ್ಪ ಊರೂರಿನಲ್ಲಿ ಉತ್ತರ ಕೊಡಬೇಕಾಯಿತಲ್ಲ ಎಂದು ಅವತ್ತು ಅತ್ತೆ. ಅವ್ವ ಹೊಟ್ಟೆನೋವೆಂದು ತಿಳಿದು ಅಜಿವಾನ ತಿನ್ನಿಸಿದಳು.

ಮದುವೆಯಾಗಿ ಅಫಜಲಪುರಕ್ಕೆ ಬಂದೆ. ನಮ್ಮ ಮನೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರುವುದಿಲ್ಲ ಎಂದರೆ ಗುಣವಲ್ಲ, ಅದೊಂದು ಊನ. ಹೆಣ್ಣು ನೋಡಲು ಬಂದ ದಿನ ಯಾರೂ ಕೇಳದೆಯೇ, "ನನ್ನ ಎಡಗಡೆ ಒಂದ ಹಲ್ಲು ಖೊಟ್ಟಿ ಅದ ನೋಡ್ರಿ" ಎಂದು ಹೇಳಿಬಿಟ್ಟ ಪುಣ್ಯಾತ್ಮರು. ಅಡುಗೆಯಲ್ಲಿ ಉಪ್ಪು ಜಾಸ್ತಿಯಾದರೆ ಎಷ್ಟು ಜಾಸ್ತಿ ಎಂದೂ ಹೇಳುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಅವರು ಎರಡೇ ಸೆಲ್ಲಿನ ಮೇಲೆ ನಡೆಯುವ ಅಂಗೈಯಗಲದ ಒಂದು ಸಿ.ಡಿ. ಪ್ಲೇಯರ್ ತಂದರು. ಜೊತೆಗೆ ಪುಟ್ಟ ಎರಡು ಸ್ಪೀಕರ್. ಅಂದಿನಿಂದ ಮನೆಯಲ್ಲಿ ಜಗಳ ಶುರುವಾಯಿತು. ಕ್ಯಾಸೆಟ್ಟಿನಲ್ಲಿ ಹಾಡಿಗಿಂತ ಸರಸರವೇ ಹೆಚ್ಚು, ಡಿಜಿಟಲ್‌ನಲ್ಲಿ ಅಕ್ಕಿ ಆರಿಸಿದಷ್ಟು ಸ್ವಚ್ಛ ಎಂದು ಅವರು. ಹಾಡು ಶುರುವಾಗುವ ಮೊದಲು ಆ ಸರಸರ ಬಂದರೆ ಸೀರೆ ಸರಿಮಾಡಿಕೊಂಡು ಕೂರಲಿಕ್ಕೆ ಪುರಸತ್ತು ಸಿಗುತ್ತದೆ, ಇದು ಹೇಳದೆ ಕೇಳದೆ ಮೈಮೇಲೆ ಬೀಳುತ್ತದೆ ಎಂದು ನಾನು. "ಸಾವಿರ ಸರ್ತಿ ಹಚ್ಚು, ಸಾವಿರ ಸರ್ತಿನೂ ಒಂದ ನಮೂನಿ ಬರ್ತದ" ಎನ್ನುತ್ತಿದ್ದರು. ಸಾವಿರ ಸಲ ಒಂದೇ ನಮೂನೆ ಬರಲಿಕ್ಕೆ ಅದೇನು ಮಗ್ಗಿಯೇ ಎಂದು ನಾನು ಕೇಳುತ್ತಿದ್ದೆ. ಅಫಜಲಪುರದ ಧೂಳು ಒಮ್ಮೊಮ್ಮೆ ನನ್ನ ಪರವಾಗಿ ವಾದಿಸುತ್ತಿತ್ತು. ಹಾಡು ನಡುವೆ ಸಿಕ್ಕಿಹಾಕಿಕೊಂಡು ತಿ ತಿ ತಿ ಎನ್ನುತ್ತಿತ್ತು. ಅವರು ಎದ್ದು ಧೋತರದ ಚುಂಗಿನಿಂದ ಒರೆಸುವಾಗ ನಾನು ನಗು ಬಾರದವಳಂತೆ ಗೋಡೆ ನೋಡುತ್ತಿದ್ದೆ.

ನಗು ನಿಂತದ್ದು, ಅವರು ಒಂದು ದಿನ ಜೇವರ್ಗಿ ಗವಾಯಿಯ ಸಿ.ಡಿ.ಯನ್ನೇ ತಂದಾಗ. ಗವಾಯಿ ತೀರಿಕೊಂಡು ವರ್ಷಗಳಾಗಿದ್ದವು. ಶಿಷ್ಯರು ಮೂಲ ಟೇಪು ಹುಡುಕಿ ತೆಗೆದು ಸಿ.ಡಿ. ಮಾಡಿಸಿದ್ದರು. ಕಂಬಳಿ ಪದ ಬಂತು. ಕುದುರೆ ಏರಿದವನಂತೆ ಗವಾಯಿ ಹಾಡಿದ. ನಮ್ಮ ಮನೆಯವರು ಬೆರಗಾಗಿ ನನ್ನ ಮುಖ ನೋಡಿದರು.

"ಮಾವಾರು ಇಷ್ಟ ವರ್ಷ ತಪ್ಪ ಹಾಡ್ಯಾರಲ್ಲ! ಇದು ಮೇಳಕ್ಕ ಕೇಳಸಬೇಕು. ಸೂಟಿಯೊಳಗ ಹಿರೋಳ್ಳಿಗಿ ಹೋಗೋಣ." ಅವರ ದನಿಯಲ್ಲಿ ಮಕ್ಕಳ ಪರೀಕ್ಷೆಯ ಕಾಗದದಲ್ಲಿ ತಪ್ಪು ಕಂಡಾಗಿನ ಉತ್ಸಾಹವಿತ್ತು. ಮರುದಿನವೇ ಸಂತೆಗೆ ಬಂದ ಹಿರೋಳ್ಳಿಯವರೊಬ್ಬರ ಕೈಯಲ್ಲಿ ಗವಾಯಿಯ ಪದ ತರುತ್ತೇವೆಂದು ಸುದ್ದಿಯನ್ನೂ ಕಳಿಸಿಬಿಟ್ಟರು.

ನಾನು ಆ ಸಿ.ಡಿ.ಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದೆ. ಮೂವತ್ತು ದಾಟಿದ ಹೆಂಗಸು, ಎರಡು ಮಕ್ಕಳ ತಾಯಿ, ಹಿಟ್ಟಿನಲ್ಲಿ ಹಾಡು ಹುಗಿಯುತ್ತಿದ್ದೇನೆ ಎಂದು ನನಗೇ ನಾಚಿಕೆಯಾಯಿತು. ಎರಡು ದಿನಕ್ಕೆ ಡಬ್ಬಿ ತಳ ಕಂಡು, ಅವರ ಎದುರಿಗೇ ರೊಟ್ಟಿಗೆ ಹಿಟ್ಟು ಸುರಿಯುವಾಗ ಗವಾಯಿ ಹಿಟ್ಟು ನಾದುವ ಕೊಣಮಿಗೆಗೆ ಬಿದ್ದ. ಅವರು ತೆಗೆದು, ತೊಳೆದು, ಒರೆಸಿ, "ಇಲ್ಲಿ ಹ್ಯಾಂಗ ಬಂತು?" ಎಂದಷ್ಟೇ ಕೇಳಿದರು. ಇಲಿಯ ಮೇಲೆ ಹಾಕಿದೆ.

ಅಷ್ಟರಲ್ಲಿ ಅಪ್ಪನೇ ಬಂದ. ಗಾಣಗಾಪುರದ ಕಡೆ ಯಾರದೋ ಮನೆಯ ಕಾರ್ಯ ಮುಗಿಸಿ, ಚೌಡಾಪುರದಲ್ಲಿ ಬಸ್ಸು ಹಿಡಿದು ಮಗಳನ್ನು ನೋಡಲು ಬಂದಿದ್ದ. ಚಹಾ ಕುಡಿದು ಮುಗಿಸಿರಲಿಲ್ಲ, ನಮ್ಮ ಮನೆಯವರು ಕಂಬಳಿ ಪದ ಹಚ್ಚಿಯೇ ಬಿಟ್ಟರು. ಅಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ನಾನು ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದೆ.

"ಬೇಷ್ ಹಾಡ್ಯಾನ. ವಯಸ್ಸಿನಾಗಿನ ದನಿ" ಎಂದ ಅಪ್ಪ. ಆಮೇಲೆ ಪ್ಲೇಯರ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಮಾಸ್ತರ್ರ, ಇದರ ಸೆಲ್ ಇಳದ್ರ ಹಾಡು ನಿಧಾನ ಆಗ್ತದೇನ್ರಿ?"

"ಇಲ್ರಿ ಮಾವಾರ. ಡಿಜಿಟಲ್ ಅದರಿ ಇದು. ಸೆಲ್ ಇರೂತನಾ ಬರೋಬ್ಬರಿ ಹಾಡ್ತದ. ಇಳದ್ರ ಒಮ್ಮೆಲೆ ಬಂದ್."

"ಅಂದ್ರ ಇದಕ್ಕ ಮುಪ್ಪು ಇಲ್ಲ ಅನ್ರಿ" ಎಂದು ಅಪ್ಪ ಅದನ್ನು ಮೆಲ್ಲಗೆ ಕೆಳಗಿಟ್ಟ.

ನಮ್ಮ ಮನೆಯವರು ಬಾಳೆಹಣ್ಣು ತರಲು ಹೊರಗೆ ಹೋದರು. ಇಪ್ಪತ್ತು ವರ್ಷ ಹೊತ್ತದ್ದನ್ನು ಇನ್ನು ಹೊರಲಾರೆ ಎನಿಸಿತು. ಅಪ್ಪನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ ಎಲ್ಲ ಹೇಳಿದೆ. ಟ್ರಂಕು, ಭಾನುವಾರ, ಸಿನಿಮಾ ಹಾಡು, ಮಾಳಿಗೆಯ ಮೇಲಿನ ಆರು ಸೆಲ್ಲು. ಹೇಳುತ್ತಾ ಅಳು ಬಂತು. "ನನ್ನಿಂದ ನಿನ್ನ ಹಾಡು ಕೆಟ್ತು ಅಪ್ಪಾ" ಎಂದೆ.

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಹುಚ್ಚ ಅದೀ ಏನ ಬೇ? ಅದ್ಯಾಕ ಹಂಗ ಎಳೀತದಂತ ನಾ ಎರಡನೇ ಸೋಮಾರನ ಆಳಂದದಿಂದ ಹೊಸ ಸೆಲ್ ತಂದು ಹಾಕಿ ಕೇಳಿದ್ದೆ. ನೀ ಸಾಲಿಗಿ ಹೋಗಿದ್ದಿ. ಪದ ಓಡ್ತದ ಅಂತ ನನಗ ಗೊತ್ತಿತ್ತು."

"ಗೊತ್ತಿದ್ರ ಮತ್ತ ಯಾಕ ಹಂಗ ಹಾಡಿದಿ?"

"ಹಿಂದಿನ ಸೋಮಾರನ ಮೈಬೂಬ ಡೋಲಕ್ ಎಳಕೊಂಡಿದ್ದ." ಅಪ್ಪ ತನ್ನ ಬಲಗೈಯ ಎರಡು ಬೆರಳು ಮಡಚಿ, ಉಳಿದ ಬೆರಳುಗಳಿಂದ ತಾಟಿನ ಅಂಚಿಗೆ ತಟ್ಟಿ ತೋರಿಸಿದ. "ಆ ನಿಧಾನ ಇತ್ತಲ್ಲ, ಅದಕ್ಕ ಅವನ ಕೈ ಬರ್ತಿತ್ತು. ಓಡಿಸಿದ್ರ ಬರ್ತಿದ್ದಿಲ್ಲ. ಹೊಸ ಸೆಲ್ ತಗದು ನಿನ್ನ ಹಳೀವ ಮತ್ತ ಹಾಕಿದೆ. ಪದ ಹಿಂಗ ಅದ ಅಂತ ಮೇಳಕ್ಕೆಲ್ಲ ಹೇಳಿದೆ. ಅತನೂರಾಗ ಅವರು ಅಂದದ್ದು ಅವರೂರ ಧಾಟಿ ಅಂತ ತಿಳದಾನ, ಅಂವಗ ಇವತ್ತಿಗೂ ಗೊತ್ತಿಲ್ಲ. ಗೊತ್ತಾದ್ರ ನನ್ನ ಸಲುವಾಗಿ ಪದ ಕೆಡಸಿದ್ರಿ ಅಂತ ಡೋಲಕ್ ಬಿಡ್ತಾನ. ಹಟಮಾರಿ ಅದಾನ. ಈಗ ಮುದುಕ ಬ್ಯಾರೆ ಆಗ್ಯಾನ, ಅದೊಂದ ಅದ ಅವಗ."

ಮತ್ತೆ ರೊಟ್ಟಿ ಮುರಿಯುತ್ತಾ, "ಮಾಸ್ತರ್ರಿಗಿ ನೀನ ಹೇಳು" ಎಂದ. ಅಳಿಯನಿಗೆ ಹೀಗೆ ಮಾಡಿರಿ ಎಂದು ಹೇಳುವುದು ಅಪ್ಪನಿಗೆ ಸಂಕೋಚ. ಮರುದಿನ ಹಿರೋಳ್ಳಿಗೆ ಹೊರಟುಹೋದ.

ಹೇಳುವುದೇನೋ ಹೇಳಿದೆ. ಬೇಸಿಗೆ ಸೂಟಿಯ ಒಂದು ಸೋಮವಾರ ಹಿರೋಳ್ಳಿಗೆ ಹೊರಟಾಗ, ಬಸ್ಸು ಚೌಡಾಪುರ ದಾಟಿದ ಮೇಲೆ ಎಲ್ಲವನ್ನೂ ಹೇಳಿದೆ. ಅವರ ತೊಡೆಯ ಮೇಲೆ ಪ್ಲೇಯರಿನ ಚೀಲವಿತ್ತು. ಕಿಟಕಿಯ ಹೊರಗೆ ನೋಡುತ್ತ ಕೇಳಿದರು. ಕಲಬುರಗಿಯಲ್ಲಿ ಬಸ್ಸು ಬದಲಿಸುವಾಗಲೂ ಆ ಚೀಲವನ್ನು ತಾವೇ ಹಿಡಿದುಕೊಂಡರು. ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರೇ ಅಂಗಡಿಗೆ ಹೋಗಿ ಎರಡು ಹೊಸ ಸೆಲ್ ಕೊಂಡು ಪ್ಲೇಯರಿಗೆ ಹಾಕಿಕೊಂಡರು. ಅಷ್ಟು ಹೇಳಿದರೂ ಈ ಮನುಷ್ಯನಿಗೆ ತಪ್ಪು ತಿದ್ದದಿದ್ದರೆ ತಡೆಯುವುದಿಲ್ಲವಲ್ಲ ಎಂದು ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ಇಳಿಹೊತ್ತಿಗೆ ಗುಡಿಯ ಕಟ್ಟೆ ತುಂಬಿತ್ತು. ಅಪ್ಪ ನಡುವೆ ಕೂತಿದ್ದ. ನನ್ನತ್ತ ಒಮ್ಮೆ ನೋಡಿ ಹಾರ್ಮೋನಿಯಂ ಪೆಟ್ಟಿಗೆಯ ಕಡೆ ಕಣ್ಣು ಹೊರಳಿಸಿದ. ಸುದ್ದಿ ಮೊದಲೇ ಮುಟ್ಟಿದ್ದರಿಂದ ಮೈಬೂಬಸಾಬ ಕಾಕಾ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಮಾಸ್ತರ್ರ, ನಿಮ್ಮ ಡಬ್ಬ್ಯಾಗ ನಮ್ಮ ಪದ ಅದ ಅಂತಲ್ರಿ. ಹಚ್ಚರಿ, ಗವಾಯಿ ಆವಾಜ್ ಕೇಳಿ ಭಾಳ ವರ್ಷ ಆಯ್ತು. ನಮ್ಮ ಕೈ ಬರೋಬ್ಬರಿ ಅದನೋ ಇಲ್ಲೋ ನೋಡಮು."

ನಮ್ಮ ಮನೆಯವರು ಚೀಲದಿಂದ ಪ್ಲೇಯರ್ ತೆಗೆದರು. ಸ್ಪೀಕರ್ ಜೋಡಿಸಿದರು. ಗವಾಯಿಯ ಸಿ.ಡಿ. ಒಳಗೆ ಕೂಡಿಸಿದರು. ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಹಾಗೆಯೇ ಕೂತರು. ಅವರ ಕಿವಿಗಳು ಕೆಂಪಗಾಗುವುದನ್ನು ನಾನು ಮೊದಲ ಸಲ ನೋಡಿದೆ.

"ಸೆಲ್ ಇಳದಾವ್ರಿ ಕಾಕಾ" ಎಂದರು.

ಅಪ್ಪ ತಲೆ ತಗ್ಗಿಸಿದ. ಹಾರ್ಮೋನಿಯಂನ ಮೇಲಿನ ಬಟ್ಟೆಯನ್ನು ಮಡಚಿದವನು ಮತ್ತೆ ಬಿಚ್ಚಿ ಮತ್ತೆ ಮಡಚಿದ.

"ಅಯ್ಯ, ಇಷ್ಟೇನಾ? ಬಿಸಲಾಗ ಇಡ್ರಿ, ಏಳ್ತಾವ. ಅಷ್ಟೊತ್ತನಾ ನಾವ ಹಾಡ್ತೇವಿ" ಎಂದು ಕಾಕಾ ಡೋಲಕ್ ಎಳೆದುಕೊಂಡರು.

ಸೆಲ್ ಎಂದರೆ ಸಂಡಿಗೆ ಎಂದು ತಿಳಿದಿದ್ದೀಯೇನು ಎಂದು ನನ್ನನ್ನು ಹನ್ನೆರಡು ವರ್ಷ ಬಯ್ದ ವಿಜ್ಞಾನದ ಮಾಸ್ತರು ಎದ್ದರು. ಆಗಷ್ಟೇ ಕೊಂಡ ಎರಡು ಹೊಸ ಸೆಲ್‌ಗಳನ್ನು ಹೊರಗೆ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಕಟ್ಟೆಯ ಅಂಚಿನಲ್ಲಿ ಬಿಸಿಲು ಬಿದ್ದಲ್ಲಿ ಒಂದರ ಪಕ್ಕ ಒಂದು ಇಟ್ಟರು. ಅಪ್ಪ ಕಂಬಳಿ ಪದ ಎತ್ತಿಕೊಂಡ. ಕಾಕಾ ಕಣ್ಣು ಮುಚ್ಚಿ ಮೂರು ಬೆರಳಿನಲ್ಲಿ ಅದರ ಹಿಂದೆ ನಡೆದರು. ನಮ್ಮ ಮನೆಯವರು ಆ ಸೆಲ್‌ಗಳ ಪಕ್ಕದಲ್ಲೇ ಕೂತು, ನೆರಳು ಬಂದಂತೆಲ್ಲ ಅವನ್ನು ಬಿಸಿಲಿಗೆ ಸರಿಸುತ್ತಾ, ಪದ ಮುಗಿಯುವ ತನಕ ಕಾದರು.